ಜಯಣ್ಣನ ಎಳೆಯುವ ಗಾಡಿ

ಇಂದು ಬೆಳಗ್ಗೆ ನಮ್ಮ ಕಟ್ಟಡದ ಕೆಳಗೆ ಯಾರೋ ಕಾರು ಕಲಿಯುತ್ತಿದ್ದರು. ಗಾಡಿ ಗೊರಗೊರ ಎಂದು ನಿಂತಿತು. ಸ್ವಲ್ಪ ಹೊತ್ತಿಗೆ ಕ್ಲಚ್ ಸುಟ್ಟ ವಾಸನೆ ಎರಡನೆಯ ಮಹಡಿಯ ನಮ್ಮ ಅಡುಗೆಮನೆಯವರೆಗೆ ಬಂತು. ಒಗ್ಗರಣೆ ಸೀದುಹೋಯಿತೇನೋ ಎಂದು ನನ್ನ ಹೆಂಡತಿ ಒಲೆಯತ್ತ ಓಡಿದಳು. ಕಿಟಕಿ ಮುಚ್ಚಲು ಎದ್ದ ನಾನು ಮುಚ್ಚದೆ ನಿಂತುಬಿಟ್ಟೆ. ಬುರೈಮಿ ರಸ್ತೆಯ ಏರು ನೆನಪಾಗಿತ್ತು.

ನೆನಪಾಗಿತ್ತು ಎಂದು ಬರೆದೆನಲ್ಲ, ನನ್ನ ತಕರಾರು ಶುರುವಾಗುವುದೇ ಅಲ್ಲಿ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಇಲ್ಲಿ ಒಮಾನಿನ ಅಲ್ ಗುಬ್ರಾದಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಕಡೆ ಮಾಪಕಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿದವನು ನಾನು. ಮುಳ್ಳು ತೋರಿಸಿದ್ದನ್ನು ನಂಬದಿರುವುದಕ್ಕೇ ನನಗೆ ಸಂಬಳ. ಮನೆಗೆ ಬಂದರೂ ಆ ಚಟ ಬಿಡುವುದಿಲ್ಲ. ಉಪ್ಪು ಸರಿಯಿದೆಯಾ ಎಂದು ಕೇಳಿದರೆ ಯಾವುದಕ್ಕೆ ಹೋಲಿಸಿ ಎನ್ನುವ ಗಂಡನ ಜೊತೆ ಬಾಳುವುದು ಕಷ್ಟ ಎನ್ನುತ್ತಾಳೆ ನನ್ನ ಹೆಂಡತಿ. ಆ ಒಂದು ಮಾತನ್ನು ಮಾತ್ರ ಪರೀಕ್ಷೆಯಿಲ್ಲದೆ ಒಪ್ಪಿಕೊಂಡಿದ್ದೇನೆ.

ಜಯಣ್ಣ ನಮ್ಮ ಎದುರು ಫ್ಲ್ಯಾಟಿನವರು. ಮೂಡುಬಿದಿರೆಯ ಕಡೆಯವರು, ಮನೆಯಲ್ಲಿ ತುಳು, ನನ್ನೊಡನೆ ಮಂಗಳೂರು ಕನ್ನಡ. ಒಮಾನಿಗೆ ಬಂದ ಮೊದಲ ವರ್ಷಗಳಲ್ಲಿ ಬುರೈಮಿಯ ಹತ್ತಿರ ರಸ್ತೆ ಕೆಲಸದ ಸೈಟಿನಲ್ಲಿದ್ದರು. ಸೈಟಿನಲ್ಲಿ ಕೆಲಸಗಾರರು ಮಲಗುವ ತಗಡಿನ ಕೋಣೆಗೆ ಈ ದೇಶಗಳಲ್ಲಿ ಕ್ಯಾರವಾನ್ ಎಂದೇ ಹೆಸರು. ಅದಕ್ಕೆ ಚಕ್ರವಿಲ್ಲ. ಕ್ರೇನು ತಂದು ಇಟ್ಟಲ್ಲಿ ಬಿಸಿಲಿಗೆ ಕಾಯುತ್ತ ಕೂತಿರುತ್ತದೆ. ಹೆಂಡತಿ ವಸಂತಿ ಅಕ್ಕ ಊರಿನಲ್ಲಿ, ಇವರು ಕ್ಯಾರವಾನಿನಲ್ಲಿ. ಮುಂದೆ ಆಫೀಸಿನ ಕೆಲಸ ಸಿಕ್ಕಿ ಅಕ್ಕನನ್ನು ಇಲ್ಲಿಗೆ ಕರೆಸಿಕೊಳ್ಳುವ ಹೊತ್ತಿಗೆ ಇಬ್ಬರ ತಲೆಯಲ್ಲೂ ನರೆ ಕಾಣಿಸಿಕೊಂಡಿತ್ತು.

ಅಕ್ಕನಿಗೆ ಕಾಯಿಲೆ ಎಂದು ಗೊತ್ತಾದಾಗ, ಗುಣವಾಗುವ ಜಾತಿಯದಲ್ಲ ಎಂಬುದೂ ಜೊತೆಗೇ ಗೊತ್ತಾಯಿತು. ಅವರು ಗಂಡನಲ್ಲಿ ಕೇಳಿದ್ದು ಒಂದೇ. ನೀವು ಒಬ್ಬರೇ ಇದ್ದ ಆ ಜಾಗದಲ್ಲಿ ನಾನೂ ಒಂದು ರಾತ್ರಿ ಮಲಗಬೇಕು. ಅಲ್ಲಿ ಈಗ ರಸ್ತೆಯ ಹೊರತು ಏನೂ ಇಲ್ಲ ಎಂದು ಜಯಣ್ಣ ಹೇಳಿ ನೋಡಿದರು. ಆಮೇಲೆ ಹೇಳುವುದನ್ನು ಬಿಟ್ಟು, ಊರಿಗೆ ಮರಳುತ್ತಿದ್ದ ಒಬ್ಬ ಯುರೋಪಿನವನಿಂದ ಚಕ್ರವಿರುವ, ಹಾಸಿಗೆ ಬಚ್ಚಲು ಎಲ್ಲ ಇರುವ, ಗಾಡಿಯ ಹಿಂದೆ ಕಟ್ಟಿ ಎಳೆಯುವ ಕ್ಯಾರವಾನೊಂದನ್ನು ಕೊಂಡು ತಂದರು. ಅಕ್ಕನಿಗೆ ಆಯಾಸವಾದಲ್ಲಿ ನಿಲ್ಲಿಸಿ ಮಲಗಿಸಬಹುದಲ್ಲ.

ಎಳೆಯಲು ಇದ್ದದ್ದು ಅವರ ಹಳೆಯ ಸಣ್ಣ ಜೀಪು. ಸೊಹಾರಿನವರೆಗಿನ ಸಮತಟ್ಟು ದಾರಿಯಲ್ಲಿ ಅದು ತಲೆ ತಗ್ಗಿಸಿಕೊಂಡು ಹೇಗೋ ಎಳೆಯಿತು. ಅಲ್ಲಿಂದ ಬುರೈಮಿಯತ್ತ ತಿರುಗಿ ಬೆಟ್ಟದ ಏರು ಶುರುವಾದದ್ದೇ ಮುಗಿಯಿತು. ಹೆಂಡತಿಯೊಡನೆ ಹಿಂದಿನ ಕಾರಿನಲ್ಲಿದ್ದ ನನಗೆ ಮೊದಲು ಬಂದದ್ದು ಕ್ಲಚ್ ಸುಟ್ಟ ಆ ವಾಸನೆ. ಅಕ್ಕ ಇಳಿದು ಕ್ಯಾರವಾನಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಜಯಣ್ಣ ಬೈಯುತ್ತ ಜೀಪಿನ ಚಕ್ರಕ್ಕೆ ಒದ್ದಾಗ, ಪಾಪದ ಗಾಡಿ, ಅದಕ್ಕೆ ಯಾಕೆ ಬೈತೀರಿ ಎಂದರು. ಕೊನೆಗೆ ಲಾರಿಯೊಂದು ಬಂದು ಎರಡನ್ನೂ ಹಿಂದಕ್ಕೆ ಸಾಗಿಸಿತು.

ಆಮೇಲೆ ಜಯಣ್ಣನಿಗೆ ದೊಡ್ಡ ಗಾಡಿಯ ಹುಚ್ಚು ಹಿಡಿಯಿತು. ಬೇಗ ಆಗಬೇಕಿತ್ತು, ಅಕ್ಕನ ಬಳೆಗಳು ಮೊಣಕೈವರೆಗೆ ಜಾರತೊಡಗಿದ್ದವು. ಆದರೆ ಈ ಸಲ ತಪ್ಪಲೂ ಕೂಡದು. ನಾನು ಏರಿನ ಕೋನ, ಕ್ಯಾರವಾನಿನ ತೂಕ, ಎಂಜಿನ್ನಿನ ಬಲ ಎಲ್ಲ ಹಾಕಿ ಕಾಗದದಲ್ಲಿ ಚಿತ್ರ ಬರೆದುಕೊಟ್ಟೆ. "ನಿನ್ನ ಲೆಕ್ಕ ಸರಿ ಉಂಟು ಮಾರಾಯಾ, ಇದಕ್ಕೆ ಹುಕ್ಕು ಎಲ್ಲಿ ಸಿಕ್ಕಿಸುದು?" ಎಂದು ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಮಾರಲಿಟ್ಟ ಗಾಡಿಗಳ ಅಡಿಗೆಲ್ಲ ತೂರಿ ನೋಡಿದರು. ಹೆಣ್ಣು ನೋಡಲಿಕ್ಕೆ ಬಂದಾಗ ಕಾಫಿ ಲೋಟದಿಂದ ತಲೆ ಎತ್ತಿರಲಿಲ್ಲ ಇವರು ಎಂದು ಅಕ್ಕ ನಮ್ಮೆದುರೇ ಚುಚ್ಚಿದರು. ಕಡೆಗೆ ಎಂಟು ಸಿಲಿಂಡರಿನ, ಆನೆಯಂಥ ಒಂದು ಗಾಡಿ ಬಂತು. ಅಕ್ಕನನ್ನು ಎತ್ತಿ ಕೂರಿಸಬೇಕಾಯಿತು. ಗಾಡಿ ಎತ್ತರವೆಂದು ಮಾತ್ರವಲ್ಲ.

ಎರಡನೆಯ ಸಲ ನಾವು ಸೊಹಾರಿಗೂ ಮೊದಲೇ ಸಿಗುವ ಸಹಮ್ ದಾಟಲಿಲ್ಲ. ಗಾಡಿ ಹೂವಿನಂತೆ ಎಳೆಯುತ್ತಿತ್ತು, ಸೋತದ್ದು ಅಕ್ಕ. ಸಹಮಿನ ಸಮುದ್ರದ ಬದಿಯಲ್ಲಿ ನಿಲ್ಲಿಸಿದೆವು. ಜಯಣ್ಣ ಹೊರಗೆ ಕ್ಯಾರವಾನು ಅಲುಗದಿರಲೆಂದು ಅದರ ಕಬ್ಬಿಣದ ಊರುಗಾಲುಗಳನ್ನು ಇಳಿಸುತ್ತಿದ್ದರು. ಒಳಗೆ ಮಲಗಿದ್ದ ಅಕ್ಕ ಗೋಡೆಯನ್ನು ಸವರುತ್ತ, ನನಗೂ ನನ್ನ ಹೆಂಡತಿಗೂ ಒಂದು ಮಾತು ಹೇಳಿದರು. ಮದುವೆಯಾದ ಹೊಸದರಲ್ಲಿ ಗಂಡ ಫೋನಿನಲ್ಲಿ ಕ್ಯಾರವಾನಿನಲ್ಲಿದ್ದೇನೆ ಎಂದಾಗ, ಶಾಲೆಯ ಪಾಠದಲ್ಲಿ ಕ್ಯಾರವಾನ್ ಎಂದು ಓದಿದ್ದ, ಮರಳುಗಾಡು ದಾಟುವ ಒಂಟೆಗಳ ಸಾಲೇ ಅವರಿಗೆ ಕಂಡಿತ್ತಂತೆ. ಗಂಡ ಒಂಟೆಗಳ ಜೊತೆ ನಡೆಯುತ್ತಾನೆ, ದಿನಕ್ಕೊಂದು ಕಡೆ ಮಲಗುತ್ತಾನೆ ಎಂದು ವರ್ಷಗಟ್ಟಲೆ ನಂಬಿದ್ದರು. ಇಲ್ಲಿಗೆ ಬಂದು ಯಾವುದೋ ಸೈಟಿನ ತಗಡಿನ ಕೋಣೆ ನೋಡಿದ ಮೇಲೇ ಗೊತ್ತಾದದ್ದು. ಇವರಿಗೆ ಹೇಳಬೇಡಿ, ನಗಾಡ್ತಾರೆ ಎಂದರು.

ಹೀಗೆಂದು ನನ್ನ ನೆನಪು. ಆದರೆ ಆ ಮಾತು ಬಂದದ್ದು ಸಹಮಿನಲ್ಲಲ್ಲ, ನಮ್ಮ ಅಡುಗೆಮನೆಯಲ್ಲಿ, ಅದೂ ಯಾರೋ ಟೀವಿಯಲ್ಲಿ ನೋಡಿದ ಕಥೆಯಾಗಿ ಎನ್ನುತ್ತಾಳೆ ನನ್ನ ಹೆಂಡತಿ. ನನ್ನ ವಿರುದ್ಧ ನನ್ನಲ್ಲೇ ಒಂದು ಸಾಕ್ಷಿಯಿದೆ. ನನ್ನ ಕಿವಿಯಲ್ಲಿ ಅಕ್ಕ "ಒಂಟೆ ಸಾಲು ಅಂದ್ಕೊಂಡಿದ್ದೆ" ಎನ್ನುತ್ತಾರೆ. ಅಂದ್ಕೊಂಡಿದ್ದೆ ಎಂಬುದು ನಮ್ಮ ಮೈಸೂರಿನ ಮಾತು. ಅವರು ಹೇಳಿದ್ದೇ ಆದರೆ ಮಂಗಳೂರು ಕನ್ನಡದಲ್ಲಿ "ಎಣಿಸಿದ್ದೆ" ಎನ್ನಬೇಕಿತ್ತು. ಎಂದರೆ ಎಲ್ಲೋ ನನ್ನ ಕೈ ಆಡಿದೆ. ಮಾತನ್ನು ತಿದ್ದಿದ ಕೈ ಸಂಗತಿಯನ್ನು ಬಿಟ್ಟೀತೇ?

ಕೇಳೋಣವೆಂದರೆ ಅಕ್ಕ ಇಲ್ಲ. ಸಹಮಿನಿಂದ ಮರುದಿನ ಬೆಳಗ್ಗೆ ಮರಳಿದವರು ಆಸ್ಪತ್ರೆ ಸೇರಿದರು. ಮನೆಗೆ ಬರಲಿಲ್ಲ.

ಕಳೆದ ತಿಂಗಳು ಜಯಣ್ಣ ಕ್ಯಾರವಾನನ್ನು ಮಾರಿದರು. ಕೊಂಡವನಿದ್ದದ್ದು ಬುರೈಮಿಯಲ್ಲಿ. ತಲುಪಿಸಲು ನಾನೂ ಜೊತೆಗೆ ಹೋದೆ. ಸಹಮಿನಲ್ಲಿ ನಿಲ್ಲಿಸಲಿಲ್ಲ. ಬೆಟ್ಟದ ಏರನ್ನು ಆ ಗಾಡಿ ಏರೆಂದೇ ತಿಳಿಯದ ಹಾಗೆ ಹತ್ತಿತು. ಏದುಸಿರಿಲ್ಲ, ವಾಸನೆಯಿಲ್ಲ. ಹಿಂದೆ ಖಾಲಿ ಹಾಸಿಗೆ ಬರುತ್ತಿತ್ತು. ನೆತ್ತಿಗೆ ಬಂದ ಮೇಲೆ ಜಯಣ್ಣ, ಅವಳು ಈ ಜಾಗವನ್ನು ಮನಸ್ಸಿನಲ್ಲಾದರೂ ಕಂಡಿದ್ದಳೋ ಇಲ್ಲವೋ ಎಂದರು, ನನಗೆ ಹೇಳುವಂತೆ ಅಲ್ಲ, ರಸ್ತೆಗೆ ಹೇಳುವಂತೆ.

ನನಗೆ ತಡೆಯಲಾಗಲಿಲ್ಲ. ನನ್ನ ನೆನಪಿಗೆ ಖಾತರಿ ಇಲ್ಲ ಎಂಬ ಪೀಠಿಕೆಯೊಂದಿಗೆ ಒಂಟೆಸಾಲಿನ ಸಂಗತಿ ಹೇಳಿಬಿಟ್ಟೆ.

ಅವರು ನಗಾಡಲಿಲ್ಲ. ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು.

"ಅದಕ್ಕೇ," ಎಂದರು. "ಶುಕ್ರವಾರ ಶುಕ್ರವಾರ ಫೋನು ಮಾಡಿದರೆ ಅವಳದ್ದು ಒಂದೇ ಪ್ರಶ್ನೆ. ಈಗ ಎಲ್ಲಿಗೆ ಮುಟ್ಟಿದ್ರಿ? ನನಗೆ ಸಿಟ್ಟು ಬರ್ತಿತ್ತು ಮಾರಾಯಾ. ಎಲ್ಲಿಗೆ ಮುಟ್ಟುದು, ಇಲ್ಲೇ ಸಾಯ್ತಾ ಇದ್ದೇನೆ ಅಂತ ಬೈತಿದ್ದೆ. ಮುಂದಿನ ವಾರ ಪುನಃ ಅದೇ."

ನನಗೆ ಬೇಕಿದ್ದ ಪುರಾವೆ ಹೀಗೆ ಸಿಕ್ಕಿತು. ಸಿಕ್ಕಿತೆಂದು ಸಂತೋಷವಾಗಲಿಲ್ಲ.

ಜಯಣ್ಣ ಕನ್ನಡಿಯಲ್ಲಿ ಹಿಂದಿನ ಕ್ಯಾರವಾನನ್ನು ನೋಡುತ್ತ ಕೇಳಿದರು. "ನಾನು ಊರಿಗೆ ಬರ್ತಾ ಇದ್ದೇನೆ ಅಂತ ಎಣಿಸಿದ್ದಾ ಅವಳು? ದಿನಾ ಸ್ವಲ್ಪ ಸ್ವಲ್ಪ ಹತ್ತಿರ ಆಗ್ತಾ ಇದ್ದೇನೆ ಅಂತ?"

ಅಕ್ಕ ನನಗೆ ಅದನ್ನು ಹೇಳಿರಲಿಲ್ಲ. ಸಹಮಿನಲ್ಲಿಯೂ ಇಲ್ಲ, ಅಡುಗೆಮನೆಯಲ್ಲಿಯೂ ಇಲ್ಲ.

ಹೌದು ಜಯಣ್ಣ, ಹಾಗೇ ಹೇಳಿದ್ದರು ಎಂದೆ.

ಕೆಳಗೆ ಕಾರು ಕಲಿಯುವವರು ಹೊರಟುಹೋಗಿದ್ದಾರೆ. ಹೆಂಡತಿ ತಿಂಡಿಗೆ ಕರೆಯುತ್ತಿದ್ದಾಳೆ. ಇಷ್ಟು ಬರೆಯುವಾಗ ಒಂದು ಗಮನಕ್ಕೆ ಬಂತು. ಸಹಮಿನ ಆ ಸಂಜೆಯನ್ನು ನೆನೆದರೆ ಅಕ್ಕ ಗೋಡೆ ಸವರುತ್ತ ಈಗ ಅದನ್ನೂ ಹೇಳುತ್ತಾರೆ, ದಿನಾ ಸ್ವಲ್ಪ ಸ್ವಲ್ಪ ಹತ್ತಿರ ಎಂದು. ಅದು ಅಲ್ಲಿಗೆ ಹೇಗೆ ಬಂತೆಂದು ನನಗೆ ಚೆನ್ನಾಗಿ ಗೊತ್ತು. ಅಳಿಸಲು ಹೋಗಿಲ್ಲ.