ಮಕಬೂಲಸಾಬರು ಬಿಚ್ಚಿದ ಕಂಪ್ಯೂಟರು

ಉಣಕಲ್ಲಿನ ಮಕಬೂಲಸಾಬರಿಗೆ ಒಂದು ಸೊಕ್ಕಿತ್ತು. ನಲವತ್ತು ವರ್ಷ ಸ್ಕೂಟರು ಬಿಚ್ಚಿ ಜೋಡಿಸಿದ ಕೈ. ಒಂದು ಕಂಪನಿಯ ಪಾರ್ಟನ್ನು ಇನ್ನೊಂದು ಕಂಪನಿಯ ಗಾಡಿಗೆ ಕೂಡಿಸದೇ ಬಿಟ್ಟವರಲ್ಲ. "ಕೂಡೂದಿಲ್ಲ" ಎಂದ ಗಿರಾಕಿಗೆ "ಚಾ ಕುಡದು ಬರ್ರಿ" ಎನ್ನುತ್ತಿದ್ದರು. ಅವನು ಬರುವಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗಿರುತ್ತಿತ್ತು.

ಮಗ ಆಫ್ತಾಬನ ವಿಷಯದಲ್ಲಿ ಮಾತ್ರ ಆ ಕೈ ಸೋತಿತ್ತು. ಆರು ವರ್ಷದ ಹಿಂದೆ ಲಾರಿಯ ಮೇಲಿಂದ ಬಿದ್ದವನಿಗೆ ಕುತ್ತಿಗೆಯ ಕೆಳಗೆ ಆಡುತ್ತಿದ್ದದ್ದು ಬಲಗೈ ಹೆಬ್ಬೆರಳೊಂದೇ. ಮಾತು ಬರುತ್ತಿತ್ತು, ಆಡುವ ಮನಸ್ಸಿರಲಿಲ್ಲ. ನೋಡಲು ಬಂದವರು "ಅಯ್ಯೋ ಪಾಪ" ಅಂದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ.

ಅವನನ್ನು ಮತ್ತೆ ಬದುಕಿಗೆ ಎಳೆದು ತಂದದ್ದು, ನಂಬಿದರೆ ನಂಬಿ, ಒಂದು ಕಂಪ್ಯೂಟರ್ ಆಟ. ಸ್ಕೂಟರು ರಿಪೇರಿಗೆ ತರುತ್ತಿದ್ದ ಬೈರಿದೇವರಕೊಪ್ಪದ ಶಾಂಭವಿ ತಾನೇ ಮಾಡಿದ ಆಟ. ದನದ ಸಂತೆಯಲ್ಲಿ ದಲಾಲಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಾರಲ್ಲ, ಅದೇ. ಊರೂರಿನವರು ಕೂಡಿ ಆಡಬಹುದು. ಮಕಬೂಲಸಾಬರು ಹಳೆಯ ಕಂಪ್ಯೂಟರಿಗೆ ಸ್ಕೂಟರಿನ ಹಾರ್ನ್ ಬಟನ್ ಜೋಡಿಸಿ ಮಗನ ಹೆಬ್ಬೆರಳಿನಡಿ ಇಟ್ಟರು. ವರ್ಷದೊಳಗೆ ಆಫ್ತಾಬ ಆ ಸಂತೆಯ ದೊಡ್ಡ ದಲಾಲಿಯಾದ. "ಬರ್ರಿ ಸಾವ್ಕಾರ್ರ" ಎಂದು ಕರೆಯುವ ಗದಗ, ವಿಜಯಪುರದ ಗೆಳೆಯರಿಗೆ ಅವನು ಮಂಚ ಹಿಡಿದವನೆಂಬುದೇ ಗೊತ್ತಿರಲಿಲ್ಲ.

ಈ ವರ್ಷ ಒಂದು ಕಂಪ್ಯೂಟರ್ ಕಂಪನಿ ಆ ಆಟವನ್ನು ಕೊಂಡಿತು. ಇನ್ನು ಮೇಲೆ ಅದು ತನ್ನ ಯಂತ್ರದಲ್ಲಿ ಮಾತ್ರ ನಡೆಯಬೇಕು, ಬೇರೆ ಯಾರದರಲ್ಲೂ ಇಲ್ಲ ಎಂದಿತು. ಹಳೆಯ ಆಟ ಶುಕ್ರವಾರ ಸಂಜೆ ಆರಕ್ಕೆ ಬಂದ್.

"ಕಾಕಾ, ನನಗೂ ಬ್ಯಾರೆ ದಾರಿ ಇರಲಿಲ್ರಿ," ಅಂದಳು ಶಾಂಭವಿ. "ಅವರು ಕೈ ಹಿಡೀದಿದ್ರ ಆಟ ಹ್ವಾದ ತಿಂಗಳ ಮುಚ್ಚತಿತ್ತು. ಎಲ್ಲಾರ ಪಾಲಿಗೂ."

"ಎಲ್ಲಾರ ಪಾಲಿಗೂ ಮುಚ್ಚಿದ್ರ ನನ್ನ ಮಗಾ ತಡಕೋತಿದ್ದನವ್ವಾ. ಆ ಯಂತ್ರ ಕೊಳ್ಳಾಕ ನಮ್ಮ ಕಡೆ ರೊಕ್ಕ ಎಲ್ಲೈತಿ? ಅವ್ರೆಲ್ಲಾ ಆಡೂವಾಗ ಇವನೊಬ್ಬನ್ನ ಹೊರಗ ನಿಂದ್ರಸ್ತೀರಲ್ಲ!"

ಮರುದಿನ ಅವಳು ಕಂಪನಿ ತನಗೆ ಕೊಟ್ಟ ಹೊಸ ಯಂತ್ರವನ್ನೇ ತಂದು ಆಫ್ತಾಬನ ಮುಂದಿಟ್ಟಳು. ಅದು ಹಾರ್ನ್ ಬಟನ್ನನ್ನು ಒಪ್ಪಲಿಲ್ಲ. ತನ್ನದೇ ಕಂಪನಿಯ, ಎರಡೂ ಕೈಯಲ್ಲಿ ಹಿಡಿಯುವ ಹಿಡಿಕೆಯೇ ಬೇಕಂತೆ ಅದಕ್ಕೆ! "ಕಂಪನಿಗೆ ಕೇಳಿ ಬರದೇನ್ರಿ. ತಡೀರಿ, ಬಿಚ್ಚಬ್ಯಾಡ್ರಿ," ಎಂದು ಹೇಳಿ ಹೋದಳು.

ಮಕಬೂಲಸಾಬರದು ತಡೆಯುವ ಜೀವವೇ? ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಬಂದವರೇ ಯಂತ್ರವನ್ನು ಗ್ಯಾರೇಜಿಗೆ ಒಯ್ದು ಸ್ಕ್ರೂಡ್ರೈವರ್ ಹಚ್ಚಿದರು. ಬಟನ್ನಿಗೆ ಬೇಕಾದದ್ದು ಎರಡು ವೈರು. ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆಂಬ ಹಟ. ಬೆಸುಗೆ ಹಾಕಿದರು. ಚಿಟ್ ಅಂದಿತು. ಆಮೇಲೆ ಏನು ಒತ್ತಿದರೂ ಪರದೆ ಬೆಳಗಲಿಲ್ಲ. ಮತ್ತೆ ಬಿಚ್ಚಿದರು, ಮತ್ತೆ ಮುಚ್ಚಿದರು. "ಯಾ ಅಲ್ಲಾ, ಇದೊಂದು ಚಾಲೂ ಮಾಡಿಕೊಡು" ಎಂದು ಬಾಯಿಬಿಟ್ಟು ಬೇಡಿಕೊಂಡರು. ಅಷ್ಟರಲ್ಲಿ ಐದೂವರೆಯಾಗಿತ್ತು.

"ಸುಟ್ಟಬಿಟ್ನೆಪಾ, ಆಫ್ತಾಬ," ಎನ್ನುತ್ತ ಮಂಚದ ಹತ್ತಿರ ಕುಸಿದರು. "ನನ್ನ ಕೈಯಾರೆ ಸುಟ್ಟಬಿಟ್ಟೆ."

ಮಗ ಬೈಯಲಿಲ್ಲ. ಬೈದಿದ್ದರೆ ಅಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. ಹಳೆಯ ಕಂಪ್ಯೂಟರಿನ ಪರದೆಯ ಮೇಲೆ ಗೆಳೆಯರು ಒಂದೇ ಸಮ ಕೇಳುತ್ತಿದ್ದರು: "ಸಾವ್ಕಾರ್ರ, ಹೊಸಾ ಸಂತಿಗೆ ಯಾವಾಗ ಬರ್ತೀರಿ?"

"ಅಬ್ಬಾ, ನಾ ಬಟನ್ ಒತ್ತಿ ಬರಿಯಾಕ ವ್ಯಾಳ್ಯಾ ಸಾಲೂದಿಲ್ಲ. ನಾ ಹೇಳ್ತೇನಿ, ನೀವು ಬರೀರಿ," ಎಂದ ಆಫ್ತಾಬ. "ನನ್ನ ಮದುವಿ ಗೊತ್ತಾಗೇತಿ. ಇನ್ನ ಬರಾಕ ಆಗೂದಿಲ್ಲ."

ಮಕಬೂಲಸಾಬರ ಬೆರಳು ನಿಂತಿತು. "ಖರೇ ಹೇಳೂಣಪಾ. ಯಾರರ ಏನರ ಮಾಡ್ಯಾರು."

"ಖರೇ ಹೇಳಿದ್ರ ಅವರೂ ಅಯ್ಯೋ ಪಾಪ ಅಂತಾರ. ಬರೀರಿ."

ಅಕ್ಷರ ಹುಡುಕಿ ಹುಡುಕಿ ಬರೆದರು. ಆರಕ್ಕೆ ಮೂರು ನಿಮಿಷವಿತ್ತು. ಒಂದರ ಹಿಂದೊಂದು ಶುಭಾಶಯಗಳು ಬರತೊಡಗಿದವು. ಆಫ್ತಾಬ ಕಣ್ಣು ಮುಚ್ಚಿಕೊಂಡು, "ಓದಿ ಹೇಳ್ರಿ, ಅಬ್ಬಾ," ಎಂದ.

"ಮುಬಾರಕ್ ಸಾವ್ಕಾರ್ರ... ನಮ್ಮನ್ನ ಮರೀಬ್ಯಾಡ್ರಿ... ಮದುವಿಗೆ ನನ್ನ ಕಡಿಂದ ಒಂದು ಜೋಡಿ ಎತ್ತು..."

ಪರದೆ ಕಪ್ಪಾಯಿತು. ಮಕಬೂಲಸಾಬರು ಓದುವುದನ್ನು ನಿಲ್ಲಿಸಲಿಲ್ಲ. ಮಗ ಕಣ್ಣು ತೆರೆಯುವ ತನಕ ಒಂದೊಂದೇ ಶುಭಾಶಯವನ್ನು ತಾವೇ ಕಟ್ಟಿ ಹೇಳುತ್ತ ಕೂತರು.