ಅಕ್ಕನ ಅಂಗೈ ನೆರಳು

ಬೆಳಿಗ್ಗೆ ಟಾರ್ಚಿನ ಕಿತ್ತುಹೋದ ವೈರು ಬೆಸೆಯಲು ಕೂತಿದ್ದೆ. ಬೆಸುಗೆಯ ಹೊಗೆ ಮೂಗಿಗೆ ತಾಗಿದ್ದೇ ತಡ, ಚಿಕ್ಕನಾಯಕನಹಳ್ಳಿಯ ಅಕ್ಕನ ಮನೆಯ ಪಡಸಾಲೆ ಕಣ್ಮುಂದೆ ಬಂತು.

ನನಗೆ ಗಿಟಾರಿನ ಹುಚ್ಚು. ಹುಚ್ಚು ಎಂದೆ, ವಿದ್ಯೆ ಎನ್ನಲಿಲ್ಲ, ಗಮನಿಸಿ. ತುರುವೇಕೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನ ಬೆರಳು ಎಷ್ಟು ಓಡೀತು? ನಿಜವಾದ ಸಂಗೀತ ಇದ್ದದ್ದು ಅಕ್ಕನ ಗಂಟಲಲ್ಲಿ. ಮದುವೆಮನೆಯ ಆರ್ಕೆಸ್ಟ್ರಾದಲ್ಲಿ ಅವಳು ಹಾಡಲು ನಿಂತರೆ, ಉಂಡವರು ಕೈ ಒಣಗಿದರೂ ಎಲೆ ಬಿಟ್ಟು ಏಳುತ್ತಿರಲಿಲ್ಲ. ಆಮೇಲೆ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಒಡೆಯಿತು. ಮಾತಾಡುತ್ತಿದ್ದಳು, ಹಾಡುತ್ತಿರಲಿಲ್ಲ. ಯಾರಾದರೂ ಹಾಡು ಹಾಕಿದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಆಗ ನಾನು ಹಳೇ ಕಾಲದ ನಮೂನೆಯ ಟ್ರೆಮೊಲೊ ಪೆಡಲು ಕಟ್ಟುತ್ತಿದ್ದೆ. ಗಿಟಾರಿನ ದನಿಯನ್ನು ಅಲೆಯ ಹಾಗೆ ಏರಿಸಿ ಇಳಿಸುವ, ಕಾಲಲ್ಲಿ ಒತ್ತುವ ಡಬ್ಬಿ ಅದು. ಒಳಗೊಂದು ಪುಟ್ಟ ಬಲ್ಬು ಹತ್ತಿ ಆರುತ್ತಿರುತ್ತದೆ. ಅದರೆದುರಿಗೆ ಎಲ್‌ಡಿಆರ್ ಎಂಬ ಸಣ್ಣ ಬಿಲ್ಲೆ. ಬೆಳಕು ಬಿದ್ದರೆ ದನಿಗೆ ದಾರಿ ಬಿಡುತ್ತದೆ, ಕತ್ತಲಾದರೆ ತಡೆಯುತ್ತದೆ. ಚೆಂದವೆಲ್ಲ ಇರುವುದು ಅದರ ಸೋಮಾರಿತನದಲ್ಲಿ. ಬೆಳಕು ಹೋದರೂ ಹೋಯಿತೆಂದು ಒಪ್ಪಿಕೊಳ್ಳಲು ಅದಕ್ಕೆ ತುಸು ಹೊತ್ತು ಬೇಕು. ಹಾಗಾಗಿ ದನಿ ಕತ್ತರಿಸಿದಂತೆ ನಿಲ್ಲದೆ ಜಾರಿ ಜಾರಿ ಇಳಿಯುತ್ತದೆ.

ಅಕ್ಕನ ಮನೆಗೂ ಅದನ್ನು ಹೊತ್ತೊಯ್ದೆ. ಮುಚ್ಚಳ ತೆಗೆದು ಪಡಸಾಲೆಯಲ್ಲಿಟ್ಟು, ಉಳಿದ ವೈರು ಬೆಸೆದು, ತಂತಿ ಮೀಟಿದೆ. ದನಿ ಬಂತು, ಅಲೆ ಬರಲಿಲ್ಲ. ಬಾಗಿಲಿಂದ ಬಿಸಿಲು ನೇರ ಡಬ್ಬಿಯೊಳಕ್ಕೆ ಸುರಿಯುತ್ತಿತ್ತು. ಅಷ್ಟು ಬೆಳಕಲ್ಲಿ ಪಾಪ ಬಲ್ಬಿನ ಮಾತು ಯಾರಿಗೆ ಕೇಳಬೇಕು? ನನಗೆ ಅದು ಹೊಳೆದಿದ್ದರೆ ತಾನೆ! "ಹಾಳಾಗೋಗ್ಲಿ ಬುಡು" ಎಂದು ಗೊಣಗಿದೆ.

ಕಾಫಿ ಇಡಲು ಅಕ್ಕ ಬಗ್ಗಿದಳು. ಅವಳ ಕೈ ನೆರಳು ಡಬ್ಬಿಯ ಮೇಲೆ ಬಿತ್ತು. ಮಿಡಿಯುತ್ತಿದ್ದ ದನಿ ಮೆಲ್ಲಗೆ ಇಳಿಯಿತು. ಕೈ ತೆಗೆದಳು, ಏರಿತು. ಮತ್ತೆ ಅಡ್ಡ ಹಿಡಿದಳು.

"ಲೇ, ಇದು ನಾ ಹೇಳ್ದಂಗೆ ಕೇಳ್ತೈತೆ ಕಣ್ಲಾ! ಇನ್ನೊಂದ್ಸಲ ಮೀಟು."

ಲೋಟ ಪಕ್ಕಕ್ಕೆ ಸರಿಸಿ ನೆಲಕ್ಕೇ ಕೂತಳು. ಅವಳು ಹಾಡುತ್ತಿದ್ದ ಹಾಡೊಂದನ್ನೇ ನುಡಿಸಿದೆ. ಅಂಗೈ ತೆರೆದು ಮುಚ್ಚಿ, ಬೆರಳ ಸಂದಿಯಿಂದ ಬಿಸಿಲು ಬಿಟ್ಟು, ಸಾಲಿನ ಕೊನೆಯಲ್ಲಿ ತಡೆದು ತಡೆದು ಇಳಿಸಿದಳು. ಹಾಗೆ ಇಳಿಸುವುದು ಅವಳ ಹಾಡಿನ ರೀತಿಯೇ. ನನ್ನ ಬೆರಳು ತಪ್ಪಿತು.

"ಅಪಸ್ವರ ಕಣೋ! ಕಿವಿ ಎಲ್ಲಿಟ್ಟಿದ್ದೀಯ?"

ಹಾಡಿನ ವಿಚಾರಕ್ಕೆ ಅವಳಿಂದ ಬೈಸಿಕೊಂಡು ಎಷ್ಟು ಕಾಲವಾಗಿತ್ತು! ತೋಟದಿಂದ ಬಂದ ಭಾವ ಹೊಸ್ತಿಲಾಚೆಯೇ ಬಾಗಿಲ ಪಕ್ಕಕ್ಕೆ ಸರಿದು ನಿಂತುಬಿಟ್ಟರು. ಒಳಗೆ ಬಂದರೆ ನೆರಳು ಬಿದ್ದು ಎಲ್ಲಿ ಕೆಡುತ್ತದೋ ಎಂದು ಹೆದರಿದ್ದರಂತೆ.

ಅಂದಿನಿಂದ ಭಾನುವಾರಗಳು ನಮ್ಮವಾದವು. ಮುಚ್ಚಳ ಹಾಕುವ ಗೋಜಿಗೆ ನಾನು ಹೋಗಲೇ ಇಲ್ಲ. ಮೊನ್ನೆ ನುಡಿಸುತ್ತಿದ್ದಾಗ ನಡುವೆ ಗೊರಗೊರ ಸದ್ದು ಕೇಳಿ ಸ್ಪೀಕರ್ ಹರಿಯಿತೇನೋ ಎಂದುಕೊಂಡೆ. ನೋಡಿದರೆ, ಅಕ್ಕ ಕಣ್ಣುಮುಚ್ಚಿ ಗುನುಗುತ್ತಿದ್ದಳು. ಕೈ ಮಡಿಲಲ್ಲಿತ್ತು. ಡಬ್ಬಿಯ ನೆನಪೇ ಇರಲಿಲ್ಲ ಅವಳಿಗೆ.

ಈ ಭಾನುವಾರ ಗಿಟಾರು ಮಾತ್ರ ಒಯ್ಯುತ್ತೇನೆ.