ಅಕ್ಕ ಕೊಟ್ಟ ಶಾಖ, ನಾನು ಹೇಳಿದ ಸುಳ್ಳು

ಎರಡು ವರ್ಷದ ಹಿಂದಿನ ಬೇಸಿಗೆ ರಜೆ. ಹಿರಿಯೂರಿನಲ್ಲಿ ಹೈಸ್ಕೂಲ್ ಟೀಚರ್ ಆಗಿರುವ ನನಗೆ ಆಗ ಐವತ್ಮೂರು ವರ್ಷ. ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿದೆ ಎಂದು ಡಾಕ್ಟರ್ ಹೆದರಿಸಿದ್ದಕ್ಕೆ ಅನ್ನ ಬಿಟ್ಟು, ದಿನಾ ನಡೆದು ತೂಕ ಇಳಿಸಿದ್ದೆ. ಮೈಯೇನೋ ಇಳಿಯಿತು, ಕತ್ತಿನ ಚರ್ಮ ಮಾತ್ರ ಜೋತುಬಿತ್ತು. ರಜೆಗೆ ಮುಂಚೆ ಒಂದು ದಿನ, ಒಂಬತ್ತನೇ ತರಗತಿಯ ಹುಡುಗರು ನನಗೆ 'ಗಂಗೆದೊಗಲು' ಎಂದು ಹೆಸರಿಟ್ಟಿದ್ದಾರೆಂದು ಸ್ಟಾಫ್ ರೂಮಿನಲ್ಲಿ ಯಾರೋ ನಗುತ್ತಾ ಹೇಳಿದರು. ಎತ್ತಿನ ಕೊರಳಡಿ ಜೋಲಾಡುವ ಚರ್ಮ ಅದು. ನಾನೂ ಅವರ ಜೊತೆ ನಕ್ಕೆ. ಮನೆಗೆ ಬಂದು ಕನ್ನಡಿ ಮುಂದೆ ನಿಂತು ಅತ್ತೆ.

ಅತ್ತು ಸುಮ್ಮನಾಗುವ ಜಾಯಮಾನ ನನ್ನದಲ್ಲ. ಬೆಂಗಳೂರಿನ ಒಂದು ಆಸ್ಪತ್ರೆ ಹುಡುಕಿದೆ. ಕಿವಿಗಳ ಹಿಂದೆ, ಗದ್ದದ ಕೆಳಗೆ ಕೊಯ್ದು, ಸಡಿಲ ಚರ್ಮವನ್ನು ಎಳೆದು ಹೊಲಿಯುತ್ತಾರಂತೆ. ಮಾರಿಕಣಿವೆ ಅಣೆಕಟ್ಟಿನಲ್ಲಿ ಕೆಲಸ ಮಾಡುವ ನನ್ನ ಯಜಮಾನರು, "ನಿನ್ನಿಷ್ಟ. ಆದ್ರೆ ಊರಿಗೆಲ್ಲ ಡಂಗುರ ಹೊಡಿಬ್ಯಾಡ" ಎಂದರು. ಈ ವಯಸ್ಸಿನಲ್ಲಿ ಚೆಂದ ಕಾಣಲು ಆಪರೇಷನ್ ಮಾಡಿಸಿಕೊಂಡಳು ಎಂದು ಜನ ಆಡಿಕೊಳ್ಳುವುದು ಇಬ್ಬರಿಗೂ ಬೇಕಿರಲಿಲ್ಲ. ಥೈರಾಯ್ಡ್ ಗಡ್ಡೆ ತೆಗೆಸಿದ್ದು ಎಂದು ಹೇಳುವುದಾಗಿ ಮಾತಾಡಿಕೊಂಡೆವು.

ಆಪರೇಷನ್ ಮುಗಿಸಿ ಮನೆಗೆ ಕಳಿಸುವಾಗ ಡಾಕ್ಟರ್ ಬಿಡಿಸಿ ಹೇಳಿದ್ದರು. "ಕೆಲವು ತಿಂಗಳು ಹೊಲಿಗೆಯ ಸುತ್ತ ಮುಟ್ಟಿದರೂ ಗೊತ್ತಾಗಲ್ಲ. ಬಿಸಿ ಇಡಬೇಡಿ, ಐಸೂ ಇಡಬೇಡಿ." ಮಕ್ಕಳಿಗೆ ಬುದ್ಧಿ ಹೇಳುವ ನಾನು ವಿಧೇಯಳಾಗಿ ತಲೆಯಾಡಿಸಿ ಬಂದೆ.

ಬಿಗಿತ ಎಂದರೆ ಎಂಥದ್ದೆಂದು ಆಮೇಲೆ ಗೊತ್ತಾಯಿತು. ಯಾರೋ ಹಿಂದಿನಿಂದ ಕತ್ತಿಗೆ ಸೆರಗು ಸುತ್ತಿ ಎಳೆದು ಹಿಡಿದ ಹಾಗೆ, ಹಗಲೂ ರಾತ್ರಿ. ಮುದ್ದೆ ನುಂಗಲಾಗದೆ ಗಂಜಿ ಕುಡಿದೆ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಬೇಕಿತ್ತು. ಹಿರಿಯೂರಿನ ಆ ಬಿಸಿಲಿನಲ್ಲಿ ಗದ್ದಕ್ಕೆ ದಪ್ಪ ಪಟ್ಟಿ ಬೇರೆ. ಒಂದು ದಿನ ಎಡಗಿವಿಯ ಓಲೆ ಕಳಚಿ ಬಿದ್ದದ್ದೂ ನನಗೆ ತಿಳಿಯಲಿಲ್ಲ. ಫೋನ್ ಮಾಡಿದರೆ ಆಸ್ಪತ್ರೆಯವರು, "ಸಹಜ, ಮೂರು ತಿಂಗಳು ತಾಳಿ" ಎನ್ನುತ್ತಿದ್ದರು. ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ.

ಮೂರನೇ ವಾರ ಭರಮಸಾಗರದಿಂದ ನನ್ನ ಅಕ್ಕ ಗೌರಮ್ಮ ಬಂದಳು. ತಂಗಿಗೆ ಗಡ್ಡೆ ಎಂದು ಕೇಳಿ ಗಾಬರಿಯಾಗಿ, ದುರ್ಗದಲ್ಲಿ ಬಸ್ಸು ಬದಲಿಸಿ, ಬ್ರೆಡ್ಡು, ಎಳನೀರು ಹೊತ್ತು ಬಂದಿದ್ದಳು. ಅಕ್ಕ ಶಾಲೆಗೆ ಹೋದವಳಲ್ಲ. ಆದರೆ ಅವರ ಬೀದಿಯಲ್ಲಿ ಬಾಣಂತಿಗೆ, ಹಸುಗೂಸಿಗೆ ನೀರು ಹಾಕಲು, ಉಳುಕಿಗೆ ಶಾಖ ಕೊಡಲು ಅವಳೇ ಆಗಬೇಕು. ನೀರಿಗೆ ಬೆರಳದ್ದಿದರೆ ಸಾಕು, ಹದ ಹೇಳಿಬಿಡುತ್ತಿದ್ದಳು.

"ಏನೇ, ಗೂಟ ಹೊಡ್ದಂಗೆ ಕುಂತಿದೀಯ?" ಎಂದಳು.

"ಕತ್ತು ಬಿಗಿತೈತಕ್ಕ. ತಡಿಯಾಕಾಗಲ್ಲ."

"ನರ ಹಿಡ್ಕಂಡೈತೆ. ಕಲ್ಲುಪ್ಪಿನ ಶಾಖ ಕೊಟ್ರೆ ಬಿಟ್ಕಳ್ತೈತೆ."

"ಬ್ಯಾಡಕ್ಕ, ಡಾಕ್ಟ್ರು ಬಿಸಿ ಬ್ಯಾಡ ಅಂದಾರೆ."

"ಗಡ್ಡೆ ತೆಗೆದಿರೋದು ಮುಂದ್ಗಡೆ ಅಲ್ವೇನೆ? ನಾನು ಕೊಡೋದು ಕಿವಿ ಹಿಂದ್ಕೆ. ಅಲ್ಲೇನೈತೆ ಹೆದ್ರಾಕೆ?"

ಹೊಲಿಗೆ ಇದ್ದದ್ದೇ ಅಲ್ಲಿ, ಕೂದಲ ಮರೆಯಲ್ಲಿ. ಅದನ್ನು ಹೇಳಿದರೆ ಎಲ್ಲವನ್ನೂ ಹೇಳಬೇಕಿತ್ತು. "ಆಯ್ತು, ಕೊಡು" ಎಂದುಬಿಟ್ಟೆ.

ಅಕ್ಕ ಹಳೇ ಪಂಚೆಯ ತುಂಡಿನಲ್ಲಿ ಉಪ್ಪು ಕಟ್ಟಿ, ಹಂಚಿನ ಮೇಲೆ ಕಾಯಿಸಿ, ಮೊದಲು ತನ್ನ ಕೆನ್ನೆಗೆ ಒತ್ತಿ ನೋಡಿಕೊಂಡು ನನ್ನ ಎಡಗಿವಿಯ ಕೆಳಗೆ ಇಟ್ಟಳು. ನನಗೆ ಗೊತ್ತಾದದ್ದು ಅವಳ ಕೈಯ ಭಾರ ಮಾತ್ರ. ಒತ್ತಿದಾಗ ಎಳೆತ ಸ್ವಲ್ಪ ಸಡಿಲವಾದ ಹಾಗೆ ಅನಿಸಿ ಹಾಯೆನಿಸಿತು.

"ಬಿಸಿನೇ ಇಲ್ವಲ್ಲಕ್ಕ. ಇನ್ನೊಂಚೂರು ಕಾಯಿಸು."

ಕಾಯಿಸಿ ತಂದಳು. ಮತ್ತೂ ಕಾಯಿಸು ಎಂದೆ. ಅವಳು ಅನುಮಾನದಿಂದ, "ನನ್ ಕೈಗೆ ಸುಡ್ತೈತಲ್ಲೇ" ಎಂದಳು. "ನಂಗೇನಿಲ್ಲ, ಇಡು" ಎಂದು ರೇಗಿದೆ. ಡಾಕ್ಟರ್ ಹೇಳಿದ್ದು ನನಗೆ ಮರೆತಿರಲಿಲ್ಲ. ಮರೆತಿತ್ತು ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಸುಳ್ಳು.

ಸಂಜೆ ತಲೆ ಬಾಚುತ್ತಿದ್ದ ಅಕ್ಕ ಬಾಚಣಿಗೆ ಬಿಟ್ಟು ಕೂಗಿಕೊಂಡಳು. ಕಿವಿಯ ಕೆಳಗೆ ಅಂಗೈಯಗಲ ಬೊಬ್ಬೆ ಎದ್ದಿತ್ತು. ಹೊಲಿಗೆಯ ಅಂಚು ಕಪ್ಪಾಗಿ ಬಾಯಿ ಬಿಟ್ಟಿತ್ತು. ಗಡ್ಡೆಗೆಂದೇ ಅಲ್ಲೂ ಕೊಯ್ದಿರಬೇಕು ಎಂದುಕೊಂಡಳು ಅಕ್ಕ. ನನಗೆ ಆಗಲೂ ಒಂಚೂರೂ ನೋವಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು.

ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದರು. ಕೆಲಸದಿಂದ ನೇರವಾಗಿ ಅಲ್ಲಿಗೆ ಬಂದ ಯಜಮಾನರು ವಾರ್ಡಿನಲ್ಲೇ ಅಕ್ಕನ ಮೇಲೆ ಹರಿಹಾಯ್ದರು. "ಓದಿಲ್ಲ, ಬರೆದಿಲ್ಲ. ಡಾಕ್ಟ್ರಿಗಿಂತ ನೀವು ಹೆಚ್ಚು ತಿಳ್ದೋರಾ? ಹೆಣ್ಮಗಳ ಕತ್ತೇ ಸುಟ್ಟಾಕಿದ್ರಲ್ಲ. ಮೊದ್ಲು ಊರಿಗೆ ಹೋಗ್ರಿ."

ಅಕ್ಕಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು, "ತಪ್ಪಾತಪ್ಪ. ನನ್ ಕೈಯಾರೆ ಆತು" ಎಂದಳು.

ಇನ್ನೂ ಕಾಯಿಸು ಎಂದದ್ದು ನಾನು ಎಂದು ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಕತ್ತು ತಿರುಗದೇ ಇದ್ದದ್ದು ಅವತ್ತು ಅನುಕೂಲವೇ ಆಯಿತು.

ಸತ್ತ ಚರ್ಮ ಕತ್ತರಿಸಿ ತೆಗೆದರು. ಕೀವಾಯಿತು. ಜ್ವರ ಬಂತು. ಎರಡು ತಿಂಗಳು ಡ್ರೆಸ್ಸಿಂಗ್ ನಡೆಯಿತು. ಗಾಯ ಮಾಗಿದ ಮೇಲೆ ಉಳಿದದ್ದು ಗಂಟುಗಂಟಾದ ಕಲೆ. ಅದು ಕತ್ತನ್ನು ಎಡಕ್ಕೆ ಎಳೆಯುತ್ತದೆ. ಚೆಂದ ಕಾಣಲು ಹೋದವಳು ಈಗ ಸೆರಗು ಹೊದ್ದೇ ಪಾಠ ಮಾಡುತ್ತೇನೆ. ಆ ದಿನಗಳಲ್ಲಿ ಅಕ್ಕ ದಿನಾ ಫೋನ್ ಮಾಡಿ, "ಮಾಗ್ತೈತೇನೇ?" ಎಂದು ಕೇಳುತ್ತಿದ್ದಳು. ನಿಜ ಹೇಳಲು ಪ್ರತಿ ಸಲವೂ ಬಾಯಿ ತೆರೆದು, "ಹೂಂ, ಮಾಗ್ತೈತೆ" ಎಂದು ಫೋನ್ ಇಡುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಅಕ್ಕನ ಮಗಳಿಗೆ ಹೆರಿಗೆಯಾಯಿತು. ಕೂಸು ನೋಡಲು ಭರಮಸಾಗರಕ್ಕೆ ಹೋದೆ. ಬಚ್ಚಲಲ್ಲಿ ಪಕ್ಕದ ಮನೆಯ ಮಂಜಕ್ಕ ಕಾಲು ಚಾಚಿ ಕೂತು ಕೂಸಿಗೆ ನೀರು ಹಾಕುತ್ತಿದ್ದಳು. ಅಕ್ಕ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದಳು.

"ಯಾಕಕ್ಕ, ನೀನು ಹಾಕಲ್ವಾ?"

"ಇಲ್ಲ ಕಣೇ" ಎಂದಳು ಮೆಲ್ಲಗೆ. "ನಿಂಗೆ ಹಂಗಾದಾಗ್ಲಿಂದ ಯಾರಿಗೂ ಹಾಕಿಲ್ಲ. ನನ್ ಕೈಗೆ ಹದ ತಿಳಿಯಲ್ಲ. ಎಳೇ ಕೂಸು, ಏನಾರ ಆದ್ರೆ?"

ಮಂಜಕ್ಕ ಹೋದ ಮೇಲೆ ಅಕ್ಕನನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿದೆ. ಗಡ್ಡೆ ಇರಲಿಲ್ಲ, ಚರ್ಮ ಎಳೆಸಿಕೊಂಡದ್ದು ಎಂದೆ. ಬಯ್ಯುತ್ತಾಳೆ, ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಅದರ ಬಗ್ಗೆ ಏನೂ ಕೇಳಲಿಲ್ಲ.

"ಅವತ್ತು ನಿಂಗೆ ಬಿಸಿ ಗೊತ್ತಾಗ್ಲೇ ಇಲ್ವಾ?"

"ಇಲ್ಲಕ್ಕ."

"ಗೊತ್ತಾಗಲ್ಲ ಅಂತ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ಅಕ್ಕ ಕೂಸಿನ ಟವೆಲ್ಲನ್ನು ಹಗ್ಗದ ಮೇಲೆ ಹರವಿದಳು. ಆಮೇಲೆ, "ನಡಿ, ಉಣ್ಣು" ಎಂದಳು, ಅಷ್ಟೇ.

ಅವತ್ತು ಅಲ್ಲೇ ಉಳಿದೆ. ಬೆಳಿಗ್ಗೆ ಅಕ್ಕ ತಾನೇ ಹಂಡೆಯಿಂದ ನೀರು ತೋಡಿ ಬೆರೆಸುವುದನ್ನು ಕಂಡು ನನಗೆ ಜೀವ ಬಂದಂತಾಯಿತು. ಬಕೆಟ್ಟಿಗೆ ಕೈ ಅದ್ದಿದಳು. ತೆಗೆದಳು. ತಣ್ಣೀರು ಸುರಿದು ಮತ್ತೆ ಅದ್ದಿದಳು. ಹಾಗೆ ಎಷ್ಟು ಸಲ ಮಾಡಿದಳೋ. ಕೊನೆಗೆ ಕೈ ಒರೆಸಿಕೊಂಡು ಗೋಡೆಯಾಚೆಗೆ ಕೂಗಿದಳು, "ಮಂಜಕ್ಕ, ಬಾರೇ, ನೀರು ಹದ ಐತೇನು ನೋಡು."

ಕೂಸಿಗೆ ಈಗ ವರ್ಷ ದಾಟಿದೆ. ಅಕ್ಕ ಒಂದು ದಿನವೂ ಅದಕ್ಕೆ ನೀರು ಹಾಕಿಲ್ಲ. ನಾನು ಹೇಳಿದ್ದನ್ನು ಅವಳು ನಂಬಿದ್ದಾಳೆ, ತನ್ನ ಕೈಯನ್ನು ಮಾತ್ರ ನಂಬುತ್ತಿಲ್ಲ. ಆ ಕೈಯನ್ನು ಹಾಳು ಮಾಡಿದವಳು ನಾನು.